ಮೀನಿಲ್ಲದ ನೀರಿನ ನಲವತ್ತು ದಿನಗಳು

ರಾತ್ರಿ ಅಡುಗೆಮನೆಯ ಕೆಲಸ ಮುಗಿದ ಮೇಲೆ ನಾನು ತೊಟ್ಟಿಯಿಂದ 5 ಮಿಲಿಲೀಟರ್ ಉಪ್ಪುನೀರನ್ನು ಗಾಜಿನ ಪುಟ್ಟ ನಳಿಕೆಗೆ ತೆಗೆದುಕೊಳ್ಳುತ್ತೇನೆ. ಮೊದಲ ಬಾಟಲಿಯಿಂದ 8 ಹನಿ, ಎರಡನೆಯದರಿಂದ 8 ಹನಿ ಹಾಕಿ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ, ಬಣ್ಣಗಳ ಪಟ್ಟಿಯಿರುವ ಬಿಳಿ ಕಾರ್ಡಿನ ಮುಂದೆ ಹಿಡಿದು 5 ನಿಮಿಷ ಕಾಯುತ್ತೇನೆ. ನೀರು ನಿಂಬೆಹಣ್ಣಿನ ಹಳದಿಯಾಗಿಯೇ ಉಳಿದರೆ ಅಮೋನಿಯ ಇಲ್ಲವೆಂದು ಅರ್ಥ. ಹಸಿರಿಗೆ ತಿರುಗಿದಷ್ಟೂ ವಿಷ ಹೆಚ್ಚು. ಈ ವರ್ಷ ಜನವರಿಯ ನಡುವಿನಿಂದ ಫೆಬ್ರವರಿಯ ಕೊನೆಯವರೆಗೆ ಒಂದೇ ಒಂದು ಮೀನೂ ಇಲ್ಲದ ನೀರಿಗೆ ನಾನು ಹೀಗೆ ಪರೀಕ್ಷೆ ಮಾಡುತ್ತಾ ಬಂದೆ. ಅಮೋನಿಯವನ್ನು ತಿನ್ನುವ ಕಣ್ಣಿಗೆ ಕಾಣದ ಜೀವಿಗಳು ಹೊಸ ತೊಟ್ಟಿಯಲ್ಲಿ ನೆಲೆಯೂರುವ ಈ ಕಾಲವನ್ನು ಸಮುದ್ರದ ಅಕ್ವೇರಿಯಂ ಇಡುವವರು ‘ಸೈಕಲ್ ಆಗುವುದು’ ಎನ್ನುತ್ತಾರೆ. ಹೆಚ್ಚಿನವರಿಗೆ ಇದು ನಿಜವಾದ ಕೆಲಸ ಶುರುವಾಗುವ ಮುಂಚಿನ ಬೇಸರದ ದಿನಗಳಾಗಿ ಕಾಣುತ್ತದೆ. ನನಗೆ ಹಾಗೆ ಅನ್ನಿಸುವುದಿಲ್ಲ. ತೊಟ್ಟಿ ನಿಜವಾಗಿ ಹುಟ್ಟುವುದು ಈ ದಿನಗಳಲ್ಲಿಯೇ. ಆಮೇಲೆ ನಾವು ತರುವ ಮೀನು, ಬಸವನಹುಳು, ಪಾಚಿಗಳೆಲ್ಲ ಆಗಲೇ ಕಟ್ಟಿ ಮುಗಿದ ಮನೆಗೆ ಒಕ್ಕಲು ಬರುವಂಥವು.

ಇದು ಓದಿ ಕಲಿತ ಮಾತಲ್ಲ. ನಾಲ್ಕು ವರ್ಷಗಳ ಹಿಂದೆ ನನ್ನ ಮೊದಲ ತೊಟ್ಟಿಯನ್ನು ತಂದಾಗ, ನಗರದ ಒಂದು ಅಂಗಡಿಯಲ್ಲಿ, ‘ನೀರು ತುಂಬಿ ಮೂರು ದಿನ ಬಿಟ್ಟು ಎರಡು ಸಣ್ಣ ಮೀನು ಹಾಕಿ, ಅವೇ ನೀರನ್ನು ಹದ ಮಾಡುತ್ತವೆ’ ಎಂದು ಹೇಳಿ ಒಂದು ಕ್ಲೌನ್ ಮೀನನ್ನೂ ಒಂದು ನೀಲಿ ಡ್ಯಾಮ್ಸೆಲ್ ಮೀನನ್ನೂ ಕಟ್ಟಿಕೊಟ್ಟರು. ನೀರು ಕನ್ನಡಿಯಂತೆ ತಿಳಿಯಾಗಿತ್ತು. ತಿಳಿಯಾದ ನೀರು ಒಳ್ಳೆಯ ನೀರು ಎಂದು ಬಾವಿಯ ಊರಿನಲ್ಲಿ ಬೆಳೆದ ನಾನು ನಂಬಿದ್ದೆ. ಐದನೆಯ ದಿನ ಕ್ಲೌನ್ ಮೀನು ಆಹಾರ ಮುಟ್ಟಲಿಲ್ಲ. ಆರನೆಯ ದಿನ ಬೆಳಿಗ್ಗೆ ಅದು ನೀರಿನ ಮೇಲ್ಮೈಗೆ ಬಂದು, ಪಂಪಿನ ನೀರು ಚಿಮ್ಮುವ ಜಾಗಕ್ಕೇ ಅಂಟಿಕೊಂಡಂತೆ ನಿಂತಿತ್ತು. ಕಿವಿರು ಎಷ್ಟು ವೇಗವಾಗಿ ಬಡಿಯುತ್ತಿತ್ತೆಂದರೆ ಎಣಿಸಲು ಆಗುತ್ತಿರಲಿಲ್ಲ. ಅಂದು ಸಂಜೆ ಕಚೇರಿಯಿಂದ ಬರುತ್ತಾ ಪರೀಕ್ಷೆಯ ಕಿಟ್ ತಂದೆ. ನಳಿಕೆಯೊಳಗಿನ ನೀರು ಹುಣಸೆ ಎಲೆಯ ಕಡುಹಸಿರಾಯಿತು. ಕ್ಲೌನ್ ಆ ರಾತ್ರಿಯೇ ಸತ್ತಿತು, ಡ್ಯಾಮ್ಸೆಲ್ ಮರುದಿನ. ಉಸಿರಾಡುವ ನೀರೇ ಒಂದು ಜೀವವನ್ನು ಒಳಗಿನಿಂದ ಸುಡುತ್ತಿರುವಾಗ, ನಾನು ಆ ನೀರಿನ ಚಂದವನ್ನು ನೋಡುತ್ತಾ ಕುಳಿತಿದ್ದೆನಲ್ಲ ಎಂಬುದು ಇಂದಿಗೂ ಮನಸ್ಸಿನಿಂದ ಹೋಗಿಲ್ಲ. ತೊಟ್ಟಿಯನ್ನು ಬರಿದು ಮಾಡಿ ಮಂಚದ ಕೆಳಗೆ ಸರಿಸಿದವಳು ಮತ್ತೆ ಅದನ್ನು ಹೊರಗೆ ತೆಗೆಯಲು ಇಷ್ಟು ವರ್ಷ ಬೇಕಾಯಿತು.

ಆದದ್ದು ಏನೆಂದರೆ, ಮೀನು ತನ್ನ ಕಿವಿರಿನ ಮೂಲಕ ಅಮೋನಿಯವನ್ನು ಹೊರಹಾಕುತ್ತದೆ. ಉಳಿದ ಆಹಾರ ಮತ್ತು ಮಲ ಕೊಳೆತಾಗಲೂ ಅಮೋನಿಯವೇ ಹುಟ್ಟುತ್ತದೆ. ಕಡಲಿನಲ್ಲಾದರೆ ಅದು ಕೂಡಲೇ ಕರಗಿ ಹಂಚಿಹೋಗುತ್ತದೆ, ತಿನ್ನುವ ಜೀವಿಗಳೂ ಕಾದಿರುತ್ತವೆ. ಹೊಸ ತೊಟ್ಟಿಯಲ್ಲಿ ಅದಕ್ಕೆ ಹೋಗಲು ದಾರಿಯಿಲ್ಲ. ಸಿಹಿನೀರಿಗಿಂತ ಉಪ್ಪುನೀರಿನ ತೊಟ್ಟಿಯಲ್ಲಿ ಇದು ಹೆಚ್ಚು ಅಪಾಯಕಾರಿ. ನೀರಿನಲ್ಲಿ ಅಮೋನಿಯ ಎರಡು ರೂಪಗಳಲ್ಲಿರುತ್ತದೆ, ಅವುಗಳಲ್ಲಿ ಬಹಳ ವಿಷಕಾರಿಯಾದದ್ದು ಒಂದೇ, ಮತ್ತು ಆ ವಿಷರೂಪದ ಪಾಲು ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, ಏರಿದಂತೆ ಏರುತ್ತದೆ. ಪಿಎಚ್ 7 ಇರುವ ಸಿಹಿನೀರಿನಲ್ಲಿ ಅದು ನೂರಕ್ಕೆ ಒಂದು ಪಾಲೂ ಇರುವುದಿಲ್ಲ, ಪಿಎಚ್ 8.2 ಇರುವ ಕಡಲ ನೀರಿನಲ್ಲಿ, 26 ಡಿಗ್ರಿ ಶಾಖದಲ್ಲಿ, ನೂರಕ್ಕೆ ಆರೇಳು ಪಾಲು ಆಗುತ್ತದೆ. ಕಾರ್ಡಿನ ಮೇಲೆ ಒಂದೇ ಹಸಿರಾಗಿ ಕಾಣುವ ಅಳತೆ ಗೋಲ್ಡ್‌ಫಿಷ್‌ಗೆ ಒಂದು ಬಗೆ, ಕ್ಲೌನ್ ಮೀನಿಗೆ ಇನ್ನೊಂದು ಬಗೆ.

ಈ ವಿಷವನ್ನು ತಿಂದು ಬದುಕುವ ಜೀವಿಗಳಿವೆ. ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದು ಹೀಗೆ ಎರಡು ಹಂತಗಳಲ್ಲಿ, ಬೇರೆ ಬೇರೆ ಜೀವಿಗಳಿಂದ ನಡೆಯುವ ಕೆಲಸವೆಂದು 1890ರ ಸುಮಾರಿಗೆ ತೋರಿಸಿಕೊಟ್ಟವರು ಸೂಕ್ಷ್ಮಜೀವಿಗಳ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ. ಅಮೋನಿಯವನ್ನು ಬದಲಿಸುವುದು ಬ್ಯಾಕ್ಟೀರಿಯಾಗಳು ಮಾತ್ರ ಎಂದೇ ಆಮೇಲೆ ಒಂದು ಶತಮಾನಕ್ಕೂ ಹೆಚ್ಚು ಕಾಲ ತಿಳಿಯಲಾಗಿತ್ತು. 2005ರಲ್ಲಿ, ಅಮೆರಿಕದ ಸಿಯಾಟಲ್ ಅಕ್ವೇರಿಯಂನ ಒಂದು ಉಷ್ಣವಲಯದ ತೊಟ್ಟಿಯಿಂದ ತೆಗೆದ ಜೀವಿಯೊಂದು ಈ ತಿಳಿವಳಿಕೆಯನ್ನೇ ಬದಲಿಸಿತು. ನೈಟ್ರೊಸೊಪ್ಯುಮಿಲಸ್ ಮ್ಯಾರಿಟಿಮಸ್ ಎಂಬ ಹೆಸರು ಪಡೆದ ಅದು ಬ್ಯಾಕ್ಟೀರಿಯಾ ಅಲ್ಲ, ಆರ್ಕಿಯಾ ಎಂಬ ಬೇರೆಯೇ ಕುಲಕ್ಕೆ ಸೇರಿದ್ದು, ಮತ್ತು ಅದರ ಬಂಧುಗಳು ಜಗತ್ತಿನ ಕಡಲುಗಳಲ್ಲೆಲ್ಲ ಅಪಾರ ಸಂಖ್ಯೆಯಲ್ಲಿವೆ. ಮಹಾಸಾಗರದ ಇಷ್ಟು ದೊಡ್ಡ ಗುಟ್ಟು ಒಂದು ಮೀನಿನ ತೊಟ್ಟಿಯಲ್ಲಿ ಸಿಕ್ಕಿತೆಂಬುದನ್ನು ಓದಿದ ದಿನ, ಮಂಚದ ಕೆಳಗಿನ ಗಾಜಿನ ಪೆಟ್ಟಿಗೆಯನ್ನು ಹೊರಗೆಳೆದು ಒರೆಸಿದೆ.

ನಮ್ಮ ಮನೆ ಮುಂಬಯಿಯ ಮುಲುಂಡ್‌ನಲ್ಲಿ, ಮೂರನೆಯ ಮಹಡಿಯಲ್ಲಿ. ತೊಟ್ಟಿ 75 ಸೆಂಟಿಮೀಟರ್ ಉದ್ದ, 40 ಅಗಲ, 45 ಎತ್ತರ. ಕಲ್ಲು, ಮರಳು ಹಾಕಿ ಅಂಚಿಗಿಂತ ಸ್ವಲ್ಪ ಕೆಳಗೆ ನಿಲ್ಲಿಸಿದರೆ ಸುಮಾರು 120 ಲೀಟರ್ ನೀರು ಹಿಡಿಯುತ್ತದೆ. ಸ್ಟ್ಯಾಂಡ್ ಸೇರಿ ಎರಡು ಕ್ವಿಂಟಲ್‌ಗೆ ಹತ್ತಿರದ ಭಾರವಾದ್ದರಿಂದ ಅದನ್ನು ಕೋಣೆಯ ನಡುವೆ ಇಡದೆ, ತೊಲೆ ಹಾದುಹೋಗುವ ಗೋಡೆಗೆ ತಾಗಿಸಿ ಇರಿಸಿದೆ. ಮುಂಬಯಿಯಲ್ಲಿ ಮೂರು ಕಡೆ ಕಡಲಿರುವಾಗ ನೀರನ್ನು ಅಲ್ಲಿಂದಲೇ ತರಬಾರದೇಕೆ ಎಂದು ಹಲವರು ಕೇಳಿದ್ದಾರೆ. ಇಲ್ಲಿನ ದಡದ ನೀರಿನಲ್ಲಿ ಹೂಳೂ ಇದೆ, ನಗರದ ಕೊಳಚೆಯೂ ಸೇರುತ್ತದೆ. ಮಳೆಗಾಲದಲ್ಲಿ ಹೊಳೆಗಳ ಸಿಹಿನೀರು ಬೆರೆತು ಉಪ್ಪಿನ ಅಂಶವೂ ಇಳಿಯುತ್ತದೆ. ಆದ್ದರಿಂದ ತಾನ್ಸಾ, ವೈತರಣ, ಭಾತ್ಸಾ ಜಲಾಶಯಗಳಿಂದ ಬಂದ ನಲ್ಲಿ ನೀರನ್ನೇ ಆರ್‌ಒ ಯಂತ್ರದಲ್ಲೂ ಅದರ ಮುಂದಿನ ರಾಳದ ಕೊಳವೆಯಲ್ಲೂ ಹಾಯಿಸಿ, ಮೀಟರ್ ಸೊನ್ನೆ ತೋರಿಸುವಷ್ಟು ಶುದ್ಧ ಮಾಡಿಕೊಂಡೆ. ನಲ್ಲಿ ನೀರಿನ ಕ್ಲೋರಿನ್ ನಮಗೆ ರಕ್ಷಣೆ. ನಾನು ಸಾಕಹೊರಟ ಜೀವಿಗಳಿಗೆ ಅದು ಮೃತ್ಯು. ಯಂತ್ರ ಹೊರಬಿಡುವ ನೀರು ನೆಲ ಒರೆಸಲು, ಬಟ್ಟೆ ನೆನೆಸಲು ಹೋಗುತ್ತದೆ, ಒಂದು ಬಕೆಟ್ಟೂ ಚೆಲ್ಲಿಲ್ಲ. ಶುದ್ಧವಾದ ನೀರಿಗೆ ಸುಮಾರು ನಾಲ್ಕೂವರೆ ಕಿಲೋ ಸಮುದ್ರದ ಉಪ್ಪಿನ ಮಿಶ್ರಣವನ್ನು ಬೆರೆಸಿ ಒಂದು ದಿನ ಪಂಪಿನಲ್ಲಿ ತಿರುಗಿಸಿದ ಮೇಲೆ, ಅಳೆದಾಗ ಲೀಟರಿಗೆ 35 ಗ್ರಾಂ ಉಪ್ಪು ಬಂತು. ಅದು ತೆರೆದ ಕಡಲಿನ ಅಳತೆ.

ಕಲ್ಲಿನ ವಿಷಯದಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಹವಳದ ತೊಟ್ಟಿಗಳ ಇತಿಹಾಸದಲ್ಲಿ ಜೀವಂತ ಕಲ್ಲು, ಅಂದರೆ ಹಳೆಯ ಹವಳದ ದಿಬ್ಬದಿಂದ ಒಡೆದು ತೆಗೆದ, ಒಳಗೆಲ್ಲ ಜೀವಿಗಳು ಮನೆಮಾಡಿರುವ ಕಲ್ಲು, ದೊಡ್ಡ ಸ್ಥಾನ ಪಡೆದಿದೆ. ಬರಿಯ ಇಂಥ ಕಲ್ಲು ಮತ್ತು ಗಾಳಿಯ ಗುಳ್ಳೆಗಳಿಂದಲೇ ಕಡಲ ಮೀನುಗಳನ್ನು ಸಾಕಬಹುದೆಂದು 1961ರಲ್ಲಿ ಬರೆದು ತಿಳಿಸಿದವರು ಇಂಡೋನೇಷ್ಯದ ಲೀ ಚಿನ್ ಎಂಗ್. ಆದರೆ ನಮ್ಮ ದೇಶದಲ್ಲಿ ಗಟ್ಟಿ ಹವಳಗಳೆಲ್ಲವೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ, ಹುಲಿಯ ಜೊತೆಗೇ. ನಮ್ಮ ಕಡಲಿನಿಂದ ಹವಳವನ್ನು ಕಿತ್ತು ತರುವುದು ಅಪರಾಧ, ಮತ್ತು ಅದು ಹಾಗೇ ಇರಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಇಳಿತದ ಹೊತ್ತಿನಲ್ಲಿ ಮುಂಬಯಿ ದಡದ ಹಾಜಿ ಅಲಿಯ ಬಂಡೆಗಳ ನಡುವೆ, ಇಷ್ಟು ಜನ, ಇಷ್ಟು ಕೊಳೆಯ ಮಧ್ಯೆ, ಹವಳ ಇನ್ನೂ ಜೀವಂತವಾಗಿ ಉಳಿದಿತ್ತು. ಕರಾವಳಿ ರಸ್ತೆ ಕಟ್ಟುವಾಗ, 2020ರಲ್ಲಿ, ಅಲ್ಲಿಯ ಮತ್ತು ವರ್ಲಿಯ ಹವಳಗಳನ್ನು ಬಿಡಿಸಿ ಬೇರೆಡೆ ನೆಡಬೇಕಾಯಿತು. ಅಂಥದ್ದನ್ನು ನಾನು ಅಲಂಕಾರಕ್ಕೆಂದು ತರಲಾರೆ. ನನ್ನ ತೊಟ್ಟಿಯಲ್ಲಿರುವುದು ಗೂಡುಗೂಡಾದ, ಸುಟ್ಟು ಮಾಡಿದ ಸಿರಾಮಿಕ್ ಕಲ್ಲು, ಸುಮಾರು 14 ಕಿಲೋ. ಹವಳವಿಲ್ಲದೆಯೂ ಹವಳದ ದಿಬ್ಬದ ನೀರನ್ನು, ಅದರ ಶಾಖವನ್ನು, ಅದರ ಅಲೆಯನ್ನು ಕಾಪಾಡಿಕೊಂಡು ಹೋಗುವುದು ನನಗೆ ಸಾಕಾಗುವಷ್ಟು ದೊಡ್ಡ ಕೆಲಸ.

ಸುಟ್ಟ ಕಲ್ಲಿನಲ್ಲಿ ಜೀವವಿಲ್ಲ. ಹಾಲು ಎಷ್ಟೇ ಒಳ್ಳೆಯದಾಗಿದ್ದರೂ ಹೆಪ್ಪು ಹಾಕದೆ ಮೊಸರಾಗುವುದಿಲ್ಲ. ಚೆಂಬೂರಿನಲ್ಲಿರುವ ನನ್ನ ಸ್ನೇಹಿತೆಯ ಮನೆಯಲ್ಲಿ ಐದು ವರ್ಷಗಳಿಂದ ಚೆನ್ನಾಗಿ ನಡೆಯುತ್ತಿರುವ ತೊಟ್ಟಿಯಿದೆ. ಅದರ ಕೆಳಗೆ ನೀರನ್ನು ಶುದ್ಧಮಾಡಲು ಇಟ್ಟ ಸಣ್ಣ ತೊಟ್ಟಿಯಲ್ಲಿದ್ದ ಸಿರಾಮಿಕ್ ಉಂಗುರಗಳನ್ನು ಎರಡು ಹಿಡಿಯಷ್ಟು ಕೊಡುತ್ತೇನೆ ಎಂದಳು. ಅಲ್ಲಿಯ ನೀರಿನಲ್ಲೇ ಮುಳುಗಿಸಿ, ಗಾಳಿಗೆ ಜಾಗ ಬಿಟ್ಟು, ದೊಡ್ಡ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ‘ಒಣಗಬಾರದು ಕಣೇ, ಬಿಸಿಲಿಗೂ ಹಿಡಿಯಬೇಡ, ಎಲ್ಲೂ ನಿಲ್ಲದೆ ಹೋಗು’ ಎಂದು ಮೂರು ಸಲ ಹೇಳಿದಳು. ಭಾನುವಾರದ ಮಧ್ಯಾಹ್ನ ಹಾರ್ಬರ್ ಲೈನಿನಲ್ಲಿ ಕುರ್ಲಾಗೆ ಬಂದು, ಸೇತುವೆ ಹತ್ತಿ ಇಳಿದು ಸೆಂಟ್ರಲ್ ಲೈನಿನ ಗಾಡಿ ಹಿಡಿದು, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತೆ. ಕಂದುಬಣ್ಣಕ್ಕೆ ತಿರುಗಿದ್ದ ಆ ಉಂಗುರಗಳನ್ನು ಬೆರಳಲ್ಲಿ ಮುಟ್ಟಿದರೆ ಸ್ವಲ್ಪ ಜಾರುತ್ತವೆ, ಬೆಂಡೆಕಾಯಿ ಹೆಚ್ಚಿದ ಕೈಯಂತೆ. ಆ ಜಾರುವ ಪೊರೆಯೇ ನನಗೆ ಬೇಕಾದ ಸಂಪತ್ತು. ಈ ಜೀವಿಗಳು ಹೆಚ್ಚಾಗಿ ನೀರಿನಲ್ಲಿ ತೇಲಿಕೊಂಡಿರುವುದಿಲ್ಲ, ಮೈಗೆ ಮೈ ತಾಗಿಸಿ ಕಲ್ಲಿಗೆ ಅಂಟಿಕೊಂಡಿರುತ್ತವೆ. ‘ಹಳೆಯ ತೊಟ್ಟಿಯ ನೀರು ತಂದು ಹಾಕಿ’ ಎಂಬ ಸಲಹೆಯಿಂದ ಅಷ್ಟು ಪ್ರಯೋಜನವಾಗದಿರುವುದಕ್ಕೆ ಇದೇ ಕಾರಣ.

ಹೆಪ್ಪು ಬಂತು. ಇನ್ನು ಅದಕ್ಕೆ ಆಹಾರ ಬೇಕು. ಮೀನು ಹಾಕಿ ಅಮೋನಿಯ ಮಾಡಿಸುವ ಬದಲು ಅಮೋನಿಯವನ್ನೇ ಅಳೆದು ಹಾಕುವ ಕ್ರಮ ಈಗ ಎಲ್ಲರಿಗೂ ತಿಳಿದದ್ದೇ. ಅದಕ್ಕಾಗಿ ಪ್ರಯೋಗಾಲಯದ ದರ್ಜೆಯ ಅಮೋನಿಯಂ ಕ್ಲೋರೈಡ್ ತಂದಿದ್ದೆ. ತೂಗುತ್ತಿರುವಾಗ ಅಮ್ಮ ಬಂದು ಏನದು ಎಂದು ಕೇಳಿದರು. ಕನ್ನಡದಲ್ಲಿ ಅದಕ್ಕೆ ನವಸಾಗರ ಎಂದು ಹೆಸರಿರುವುದು ನೆನಪಾಗಿ ಹಾಗೆಂದೆ. ‘ನವಸಾಗರವಾ? ಕಲಾಯಿಯವನ ಹತ್ತಿರ ಇರುತ್ತಿತ್ತಲ್ಲ! ಕಾದ ಪಾತ್ರೆಗೆ ಉದುರಿಸಿದ ಕೂಡಲೇ ಬಿಳಿಯ ಹೊಗೆ ಏಳುತ್ತಿತ್ತು, ನಾವೆಲ್ಲ ಮೂಗು ಮುಚ್ಚಿಕೊಂಡು ಓಡುತ್ತಿದ್ದೆವು’ ಎಂದರು. ಹಿತ್ತಾಳೆಯ ಹಂಡೆಯ ಕಿಲುಬನ್ನು ಬಿಡಿಸಿ ತವರ ಹಿಡಿಯುವಂತೆ ಮಾಡುತ್ತಿದ್ದ ಅದೇ ಪುಡಿ, ಮುಕ್ಕಾಲು ಗ್ರಾಂ, 120 ಲೀಟರ್ ನೀರಿನಲ್ಲಿ ಕರಗಿ ಅಮೋನಿಯವನ್ನು ಲೀಟರಿಗೆ 2 ಮಿಲಿಗ್ರಾಂಗೆ ಏರಿಸಿತು. ಇಷ್ಟು ಚಿಟಿಕೆಯಲ್ಲಿ ಮೀನುಗಳನ್ನು ಕೊಲ್ಲುವ ಶಕ್ತಿಯಿದೆ ಎಂಬುದನ್ನು ತಕ್ಕಡಿಯ ಮೇಲೆ ನೋಡಿದಾಗ, ಮೊದಲ ತೊಟ್ಟಿಗೆ ಏನಾಯಿತೆಂಬುದು ನನಗೆ ಇನ್ನೊಮ್ಮೆ ಅರ್ಥವಾಯಿತು.

ಆಮೇಲೆ ಏನೂ ಆಗಲಿಲ್ಲ. ಐದನೆಯ ದಿನವೂ ನಳಿಕೆ ಮೊದಲ ದಿನದಷ್ಟೇ ಹಸಿರು. ಮೊಸರಿನ ಹೆಪ್ಪು ಒಂದು ರಾತ್ರಿಯಲ್ಲಿ ತನ್ನ ಕೆಲಸ ಮುಗಿಸುತ್ತದೆ, ಏಕೆಂದರೆ ಅದರ ಬ್ಯಾಕ್ಟೀರಿಯಾಗಳಿಗೆ ಹಾಲಿನ ಸಕ್ಕರೆ ಸಿದ್ಧವಾಗಿ ಸಿಗುತ್ತದೆ ಮತ್ತು ಅವು ಬಹಳ ಬೇಗ ಇಮ್ಮಡಿಯಾಗುತ್ತವೆ. ಅಮೋನಿಯವನ್ನು ತಿನ್ನುವ ಜೀವಿಗಳದ್ದು ಬಡವರ ಸಂಸಾರ. ಅಮೋನಿಯವನ್ನು ಆಮ್ಲಜನಕದೊಂದಿಗೆ ಬೆರೆಸಿದಾಗ ದೊರೆಯುವ ಅಲ್ಪ ಶಕ್ತಿಯಲ್ಲಿ, ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡಿನಿಂದ ತಮ್ಮ ಮೈಯನ್ನು ತಾವೇ ಕಟ್ಟಿಕೊಳ್ಳಬೇಕು. ಎಲ್ಲ ಅನುಕೂಲವಿದ್ದಾಗಲೂ ಇಮ್ಮಡಿಯಾಗಲು ಅವಕ್ಕೆ ಎಂಟು ಗಂಟೆಯಿಂದ ಹಿಡಿದು ಒಂದು ದಿನಕ್ಕೂ ಹೆಚ್ಚು ಹೊತ್ತು ಬೇಕಾಗುತ್ತದೆ. ನಾವು ಏನು ಮಾಡಿದರೂ ಈ ಗತಿಯನ್ನು ಹೆಚ್ಚು ಅವಸರಪಡಿಸಲಾಗುವುದಿಲ್ಲ. ಬೆಚ್ಚಗಿನ ನೀರು, ಸಾಕಷ್ಟು ಗಾಳಿ, ಕಲ್ಲಿನ ಸುತ್ತ ಒಳ್ಳೆಯ ಹರಿವು, ಇಷ್ಟನ್ನು ಒದಗಿಸಿ ಕೈ ಹಿಂದಕ್ಕೆ ತೆಗೆದುಕೊಳ್ಳಬೇಕು. ‘ಬರೀ ನೀರಿಗೆ ದಿನಾ ಔಷಧಿ ಹಾಕಿ ನೋಡುತ್ತೀಯಲ್ಲ ಮಗಾ, ಮೀನು ಯಾವಾಗ?’ ಎಂದು ಅಮ್ಮ ಕೇಳುವುದು ಆ ವಾರದಲ್ಲಿ ದಿನಚರಿಯ ಭಾಗವಾಯಿತು.

ಒಂಬತ್ತನೆಯ ದಿನ ಹಸಿರು ಒಂದಿಷ್ಟು ತಿಳಿಯಾದಂತೆ ಕಂಡಿತು. ಕಣ್ಣಿನ ಆಸೆಯೇ ಹಾಗೆ ತೋರಿಸುತ್ತಿದೆಯೇನೋ ಎಂದು ಅನುಮಾನಿಸಿ ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ಮತ್ತೆ ನೋಡಿದೆ. ನೈಟ್ರೈಟ್ ಪರೀಕ್ಷೆಯ ನಳಿಕೆ ಅದೇ ದಿನ ಮೊದಲ ಬಾರಿಗೆ ತಿಳಿನೀಲಿಯಿಂದ ನೇರಳೆಯ ಕಡೆಗೆ ವಾಲಿತು. ಅಂದರೆ ಯಾರೋ ತಿನ್ನುತ್ತಿದ್ದಾರೆ. ಕಲ್ಲು ಹಾಗೇ ಬೆಳ್ಳಗಿತ್ತು, ನೀರು ಹಾಗೇ ತಿಳಿಯಾಗಿತ್ತು, ಕಣ್ಣಿಗೆ ಬೀಳುವಂಥದ್ದು ಏನೂ ಇರಲಿಲ್ಲ. ಆದರೂ ಆ ರಾತ್ರಿ ತೊಟ್ಟಿಯ ಮುಂದೆ ಕುಳಿತಾಗ, ಅದರಲ್ಲಿ ಯಾರೂ ಇಲ್ಲ ಎಂದು ಮೊದಲಿನಂತೆ ಅನ್ನಿಸಲಿಲ್ಲ. ಹದಿನಾಲ್ಕನೆಯ ದಿನಕ್ಕೆ ಅಮೋನಿಯ ಹೆಚ್ಚುಕಡಿಮೆ ಇಲ್ಲವಾಗಿ, ನೈಟ್ರೈಟ್ ನೇರಳೆ ಹಣ್ಣಿನಷ್ಟು ಕಪ್ಪಾಯಿತು. ಇನ್ನೊಮ್ಮೆ ಮುಕ್ಕಾಲು ಗ್ರಾಂ ಹಾಕಿದೆ. ಈ ಸಲ ಅದು ನಾಲ್ಕೇ ದಿನಗಳಲ್ಲಿ ಹೋಯಿತು.

ಅಲ್ಲಿಂದ ಮುಂದಿನ ಎರಡು ವಾರಗಳು ಕಠಿಣವಾಗಿದ್ದವು. ನೈಟ್ರೈಟ್ ಇಳಿಯಲೇ ಇಲ್ಲ. ಎರಡನೆಯ ಗುಂಪಿನ ಜೀವಿಗಳು ಮೊದಲ ಗುಂಪು ಬಡಿಸಿದ ಮೇಲಷ್ಟೇ ಊಟಕ್ಕೆ ಕೂರುವಂಥವು, ನಿಧಾನವಾಗಿ ಬೆಳೆಯುವಂಥವು. ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಸಿಹಿನೀರಿನ ಮೀನುಗಳಿಗೆ ಘೋರ ವಿಷವಾಗಿರುವ ನೈಟ್ರೈಟ್ ಉಪ್ಪುನೀರಿನಲ್ಲಿ ಅಷ್ಟು ಬಾಧಿಸುವುದಿಲ್ಲ, ಏಕೆಂದರೆ ಕಡಲ ನೀರಿನ ಅಪಾರ ಕ್ಲೋರೈಡ್ ಕಿವಿರಿನ ಬಾಗಿಲಿನಲ್ಲೇ ಅದನ್ನು ತಡೆಯುತ್ತದೆ. ಆದ್ದರಿಂದ ಅಮೋನಿಯ ಹೋದ ಮೇಲೆ ನೈಟ್ರೈಟಿಗಾಗಿ ಕಾಯಬೇಕಾಗಿಲ್ಲ ಎನ್ನುವ ಅನುಭವಸ್ಥರಿದ್ದಾರೆ, ಅವರ ವಾದದಲ್ಲಿ ಹುರುಳೂ ಇದೆ. ನಾನು ಕಾದೆ. ಎರಡೂ ಗುಂಪುಗಳು ತಮ್ಮ ಕಾಲ ಮೇಲೆ ನಿಂತಿವೆ ಎಂದು ಕಣ್ಣಾರೆ ನೋಡದೆ ಇನ್ನೊಂದು ಜೀವವನ್ನು ಆ ನೀರಿಗೆ ಇಳಿಸಲು ನನ್ನ ಮನಸ್ಸು ಒಪ್ಪಲಿಲ್ಲ. ಈ ಜೀವಿಗಳಿಗೆ ರಂಜಕದ ಅಂಶವೂ ಬೇಕು, ಸುಟ್ಟ ಕಲ್ಲಿನ ಹೊಸ ತೊಟ್ಟಿಯಲ್ಲಿ ಅದರ ಕೊರತೆಯಿರಬಹುದು ಎಂದು ಓದಿ, ಇಪ್ಪತ್ತಮೂರನೆಯ ದಿನ ಮೀನಿನ ಆಹಾರವನ್ನು ಒಂದು ಚಿಟಿಕೆ ಪುಡಿಮಾಡಿ ಉದುರಿಸಿದೆ.

ಆ ದಿನಗಳಲ್ಲೇ ಮರಳಿನ ಮೇಲೆ ಕಂದು ಬಣ್ಣದ ಧೂಳಿನಂಥದ್ದು ಹರಡತೊಡಗಿತು. ಡಯಾಟಮ್ ಎಂಬ ಈ ಸೂಕ್ಷ್ಮ ಪಾಚಿಗಳು ನೀರಿನ ಸಿಲಿಕೇಟನ್ನು ಬಳಸಿ ಗಾಜಿನಂಥ ಕವಚ ಕಟ್ಟಿಕೊಂಡು ಬೆಳೆಯುತ್ತವೆ, ಸಿಲಿಕೇಟ್ ಮುಗಿದ ಮೇಲೆ ತಾವಾಗಿಯೇ ಕಡಿಮೆಯಾಗುತ್ತವೆ. ಎಷ್ಟೋ ಜನ ಇದನ್ನು ಕೊಳೆಯೆಂದು ಭಾವಿಸಿ, ಕಲ್ಲನ್ನೆಲ್ಲ ಹೊರಗೆ ತೆಗೆದು ನಲ್ಲಿ ನೀರಿನಲ್ಲಿ ಉಜ್ಜಿ ತೊಳೆದು, ಒಂದು ತಿಂಗಳ ಕಾಲ ಬೆಳೆದದ್ದನ್ನು ಹತ್ತು ನಿಮಿಷದಲ್ಲಿ ಕೊಂದುಹಾಕುತ್ತಾರೆ. ಅಮ್ಮನಿಗೂ ತೊಳೆಯುವ ಉತ್ಸಾಹವಿತ್ತು. ‘ಇಡ್ಲಿ ಹಿಟ್ಟು ಉಬ್ಬುವಾಗ ಪಾತ್ರೆ ತೊಳೆಯುತ್ತೀರಾ?’ ಎಂದು ಕೇಳಿದ ಮೇಲೆ ಸುಮ್ಮನಾದರು, ಮತ್ತೆ ಮೀನು ಯಾವಾಗ ಎಂದು ಕೇಳಲಿಲ್ಲ.

ಮೂವತ್ತಮೂರನೆಯ ದಿನ ನೇರಳೆ ಮಸುಕಾಯಿತು. ಮೂರು ದಿನಗಳಲ್ಲಿ ಪೂರ್ತಿ ಹೋಯಿತು. ಮೂವತ್ತೆಂಟನೆಯ ದಿನ ರಾತ್ರಿ ಒಂಬತ್ತಕ್ಕೆ ಕೊನೆಯ ಬಾರಿ ನವಸಾಗರ ಹಾಕಿ, ಮರುದಿನ ಅದೇ ಹೊತ್ತಿಗೆ ಎರಡೂ ನಳಿಕೆಗಳನ್ನು ಕಾರ್ಡಿನ ಮುಂದೆ ಹಿಡಿದೆ. ಒಂದು ಹಳದಿ, ಒಂದು ತಿಳಿನೀಲಿ. ಒಂದು ಹಗಲು ಒಂದು ರಾತ್ರಿಯಲ್ಲಿ ಅವು ಅಷ್ಟನ್ನೂ ತಿಂದು ಮುಗಿಸಿದ್ದವು. ಒಂದು ಭಾಗ ಅಮೋನಿಯ ಪೂರ್ತಿಯಾಗಿ ಬದಲಾದರೆ ಸುಮಾರು 3.6 ಭಾಗ ನೈಟ್ರೇಟ್ ಆಗುತ್ತದೆ. ಮೂರು ಸಲದ ಅಮೋನಿಯ ಒಟ್ಟು 6 ಮಿಲಿಗ್ರಾಂ, ಹಾಗಾಗಿ ನೈಟ್ರೇಟ್ 21ರ ಮೇಲೆ ಇರಬೇಕೆಂದು ಮೊದಲೇ ಲೆಕ್ಕ ಬರೆದಿಟ್ಟಿದ್ದೆ. ಪರೀಕ್ಷೆಯ ಬಣ್ಣ 20ರ ಗುರುತಿಗಿಂತ ಒಂದೆಳೆ ಗಾಢವಾಗಿತ್ತು. ಹಾಕಿದ್ದೂ ಸಿಕ್ಕಿದ್ದೂ ಹೀಗೆ ತಾಳೆಯಾದಾಗ ಆದ ಸಂತೋಷವನ್ನು ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಎದ್ದಿರಲಿಲ್ಲ; ಚೆಂಬೂರಿಗೆ ಫೋನ್ ಮಾಡಿದೆ. ಮರುದಿನ ಅರ್ಧ ನೀರನ್ನು ಬದಲಿಸಿ ನೈಟ್ರೇಟನ್ನು ಹತ್ತರ ಆಸುಪಾಸಿಗೆ ಇಳಿಸಿದೆ. ನೀರು ಬದಲಿಸಿದರೆ ಕಲ್ಲಿನ ಸಂಸಾರಕ್ಕೆ ಧಕ್ಕೆಯಿಲ್ಲ.

ಮೊದಲು ಬಂದದ್ದು ನಾಲ್ಕು ಬಸವನಹುಳುಗಳು. ಮೀನು ಬಂದದ್ದು ಮಾರ್ಚ್ ಕೊನೆಯಲ್ಲಿ. ಅಷ್ಟು ಹೊತ್ತಿಗೆ ಮುಂಬಯಿಯ ಸೆಕೆ ಶುರುವಾಗಿ, ನೀರಿನ ಶಾಖ 29 ದಾಟತೊಡಗಿದ್ದರಿಂದ ತೊಟ್ಟಿಯ ಮೇಲೆ ಎರಡು ಪುಟ್ಟ ಫ್ಯಾನುಗಳನ್ನು ಕಟ್ಟಿದ್ದೇನೆ. ಆವಿಯಾಗಿ ದಿನಕ್ಕೆ ಎರಡು ಲೀಟರಿನಷ್ಟು ನೀರು ಹೋಗುತ್ತದೆ, ಶಾಖ ಎರಡು ಡಿಗ್ರಿ ಇಳಿಯುತ್ತದೆ. ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುವುದರಿಂದ ಪ್ರತಿದಿನ ಬೆಳಿಗ್ಗೆ ತುಂಬಿಸಬೇಕಾದದ್ದು ಶುದ್ಧವಾದ ಸಿಹಿನೀರನ್ನು. ಜೂನಿನಲ್ಲಿ ಗಾಳಿಯೇ ಒದ್ದೆಯಾದಾಗ ಫ್ಯಾನು ಇಷ್ಟು ತಂಪು ಮಾಡಲಾರದು. ಅದಕ್ಕೆ ಮೊದಲು ನೀರನ್ನು ತಣಿಸುವ ಚಿಲ್ಲರ್‌ ಯಂತ್ರಕ್ಕೆ ಹಣ ಹೊಂದಿಸಬೇಕು.

ನಮ್ಮ ದೇಶದಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲೇ ಮರಿಮಾಡಿಸುವ ಕ್ರಮವನ್ನು ರೂಪಿಸಿದ್ದಾರೆ, ಕಡಲಿನಿಂದ ಹಿಡಿಯದ ಮೀನೇ ಬೇಕೆಂದು ಕೇಳಿ ತರಬಹುದು. ನಾನು ತಂದ ಎರಡು ಮರಿಗಳು ನನ್ನ ಕಿರುಬೆರಳಿನ ಅರ್ಧದಷ್ಟಿವೆ. ಚೀಲವನ್ನು ತೇಲಿಬಿಟ್ಟು, ತೊಟ್ಟಿಯ ನೀರನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಿ, ಒಂದು ಗಂಟೆಯ ನಂತರ ಇಳಿಸಿದೆ. ದೊಡ್ಡದು ನೇರವಾಗಿ ಕಲ್ಲಿನ ಹಿಂದಕ್ಕೆ ಹೋಯಿತು, ಚಿಕ್ಕದು ಮೂಲೆಯಲ್ಲಿ ಮೈ ಅಲುಗಿಸುತ್ತಾ ನಿಂತಿತು. ಅಮ್ಮ ಮೊಣಕಾಲೂರಿ ಕುಳಿತು, ಮೂಗು ಗಾಜಿಗೆ ತಾಗುವಷ್ಟು ಹತ್ತಿರದಿಂದ ನೋಡಿದರು. ನಾನು ಕಿವಿರನ್ನು ನೋಡುತ್ತಿದ್ದೆ.

ಇಂದಿಗೆ ಆರನೆಯ ದಿನ. ಚಿಕ್ಕದು ಆಹಾರದ ಕಣವೊಂದನ್ನು ಬಾಯಿಗೆ ಹಾಕಿಕೊಂಡು, ಉಗುಳಿ, ಮತ್ತೆ ಹಿಡಿದು ನುಂಗಿತು. ಅದರ ಕಿವಿರು ನಿಧಾನವಾಗಿ ತೆರೆದು ಮುಚ್ಚುತ್ತಿದೆ, ಎಣಿಸಲು ಆಗುತ್ತದೆ. ನಳಿಕೆಯ ನೀರು ಹಳದಿಯಾಗಿದೆ ಎಂದು ಪುಸ್ತಕದಲ್ಲಿ ತಾರೀಖಿನ ಮುಂದೆ ಬರೆದಿಟ್ಟು ದೀಪ ಆರಿಸಿದ್ದೇನೆ.